ಸೊನ್ನೆಗೆ ಬಿದ್ದವನು ಎದ್ದ ಮೇಲೆ

ಪ್ರಶ್ನೆ: ನಾವು ಐದು ಜನ ಗೆಳೆಯರು ಶನಿವಾರ ರಾತ್ರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಹಾಕುತ್ತಾ ಕಥೆ ಕಟ್ಟುವ ಆಟ. 2014ರ ನಿಯಮಗಳು, ಆಟ ನಡೆಸುವ ಡಿಎಂ ನಾನೇ. ನಮ್ಮಲ್ಲಿ ಯಾರಿಗೂ ಏಟಿನ ಭಯವೇ ಇಲ್ಲ. ಕತ್ತಿ ಹಿಡಿದ ಫೈಟರ್‌ನ ಹಿಟ್ ಪಾಯಿಂಟ್ (ಏಟು ತಡೆಯುವ ಅಂಕ) ಮುಗಿದು ಸೊನ್ನೆಗೆ ಬೀಳುತ್ತಾನೆ, ಮದ್ದು ಮಾಡುವ ಕ್ಲೆರಿಕ್ ಒಂದು ಮಂತ್ರ ಹೇಳುತ್ತಾಳೆ, ಅವನು ಎದ್ದು ಹೊಡೆಯುತ್ತಾನೆ, ಮತ್ತೆ ಬೀಳುತ್ತಾನೆ. ಅದಕ್ಕೇ ಡಿಎಂ ಪುಸ್ತಕದಲ್ಲಿರುವ ಉಳಿಯುವ ಗಾಯಗಳ ಪಟ್ಟಿಯನ್ನು ತಂದೆ. ಕ್ರಿಟಿಕಲ್ ಏಟು (ದಾಳಿಯ ಡೈಸ್‌ನಲ್ಲಿ 20) ಬಿದ್ದಾಗಲೆಲ್ಲ ಆ ಪಟ್ಟಿಯ ಮೇಲೆ ಡೈಸ್ ಹಾಕಿದೆವು. ಎರಡನೇ ವಾರವೇ ಬಿಲ್ಲುಗಾರನ ಕೈ ಹೋಯಿತು. ಆ ಗೆಳೆಯ ಬೇಜಾರಾಗಿ ಮುಂದಿನ ಶನಿವಾರ ಬರಲಿಲ್ಲ. ಹಿಟ್ ಪಾಯಿಂಟ್ ಬಿಟ್ಟು ಬೇರೆ ಒಳ್ಳೆಯ ಪದ್ಧತಿ ಇದೆಯಾ?

ಉತ್ತರ: ಇದೆ, ಒಂದಲ್ಲ ಹತ್ತಾರು. ಆದರೆ ಅದಕ್ಕೆ ಮುಂಚೆ ನಿಮ್ಮ ಕ್ಲೆರಿಕ್ ಪರವಾಗಿ ಒಂದು ಮಾತು. ಆಕೆ ಆಟ ಕೆಡಿಸುತ್ತಿಲ್ಲ. ನಿಯಮ ಏನು ಕಲಿಸಿದೆಯೋ ಅದನ್ನೇ ಮಾಡುತ್ತಿದ್ದಾಳೆ.

ಲೆಕ್ಕ ಹಾಕಿ ನೋಡಿ. ಎದುರಿಗೆ ಓಗರ್ ಅನ್ನೋ ದೈತ್ಯ ನಿಂತಿದೆ. ಅದರ ದೊಣ್ಣೆಯ ಏಟು ಸರಾಸರಿ 13. ಫೈಟರ್ ಹತ್ತಿರ ಉಳಿದಿರುವುದು 2 ಹಿಟ್ ಪಾಯಿಂಟ್. ಈಗಲೇ ಹೀಲಿಂಗ್ ವರ್ಡ್ ಅನ್ನೋ ಮದ್ದಿನ ಮಂತ್ರ ಹೇಳಿದರೆ ಮರಳುವುದು ನಾಲ್ಕು ಮುಖದ ಒಂದು ಡೈಸ್‌ನಷ್ಟು, ಅದರ ಮೇಲೆ ಮೂರೋ ನಾಲ್ಕೋ. ಫೈಟರ್ ಏಳೆಂಟಕ್ಕೆ ಬರುತ್ತಾನೆ. ಓಗರ್ ಹೊಡೆದರೆ ಹೇಗೂ ಬೀಳುತ್ತಾನೆ, ಮಂತ್ರ ನೀರಿನಲ್ಲಿ ಹೋಮ. ಅದೇ ಆಕೆ ಸುಮ್ನೆ ಕಾದಳು ಅನ್ನಿ. ಓಗರ್ ಕೊಟ್ಟ 13ರಲ್ಲಿ ಲೆಕ್ಕಕ್ಕೆ ಬರುವುದು 2 ಮಾತ್ರ. ಉಳಿದ 11 ಎಲ್ಲೂ ದಾಖಲಾಗುವುದಿಲ್ಲ, ಯಾಕೆಂದರೆ 2014ರ ನಿಯಮದಲ್ಲಿ ಸೊನ್ನೆಗಿಂತ ಕೆಳಗೆ ಏನೂ ಇಲ್ಲ. ಆಮೇಲೆ ಅದೇ ಮಂತ್ರ ಹೇಳಿದರೆ ಫೈಟರ್ ಐದಾರು ಪಾಯಿಂಟ್ ಇಟ್ಟುಕೊಂಡು ಏಳುತ್ತಾನೆ, ಪೂರ್ತಿ ಬಲದಲ್ಲಿ ಕತ್ತಿ ಬೀಸುತ್ತಾನೆ. ಮಿಕ್ಕ ಡ್ಯಾಮೇಜ್ ಅವನ ಗರಿಷ್ಠ ಹಿಟ್ ಪಾಯಿಂಟ್‌ನಷ್ಟು ಇದ್ದರೆ ನೇರ ಸಾವು ಅನ್ನೋ ನಿಯಮ ಇದೆ. ಆದರೆ ಮೊದಲೆರಡು ಲೆವೆಲ್ ದಾಟಿದ ಮೇಲೆ ಅಂಥದ್ದು ಅಪರೂಪ. ಇನ್ನು ಮಂತ್ರ ಹೇಳಲು ಕ್ಲೆರಿಕ್‌ಗೆ ಬೋನಸ್ ಆಕ್ಷನ್ (ಸರದಿಯ ಮುಖ್ಯ ಕೆಲಸದ ಜೊತೆ ಸಿಗುವ ಚಿಕ್ಕ ಕೆಲಸ) ಸಾಕು, 60 ಅಡಿ ದೂರದಿಂದಲೇ ಆಗುತ್ತದೆ. ಬೀಳುವ ಮುಂಚೆ ಮದ್ದು ಕೊಡುವುದು ನಷ್ಟ, ಬಿದ್ದ ಮೇಲೆ ಎತ್ತುವುದು ಲಾಭ. ಜಾಣ ಆಟಗಾರರು ಲಾಭದ ಕಡೆಗೇ ಹೋಗುತ್ತಾರೆ, ಅಲ್ವಾ?

ಹಾಗಾಗಿ ನಿಮ್ಮ ತೊಂದರೆ ಇರುವುದು ಹಿಟ್ ಪಾಯಿಂಟ್‌ನಲ್ಲಿ ಅಲ್ಲ. ಸೊನ್ನೆಗೆ ಬಿದ್ದು ಎದ್ದವನು ಏನನ್ನೂ ತೆರುವುದಿಲ್ಲ, ಅಲ್ಲಿದೆ. ನೀವು ತಂದ ಪಟ್ಟಿ ಅದನ್ನು ಮುಟ್ಟಲೇ ಇಲ್ಲ. ಎಲ್ಲಿ ಮುಳ್ಳು ಚುಚ್ಚಿದೆಯೋ ಅಲ್ಲಿ ಬಿಟ್ಟು ಬೇರೆ ಕಡೆ ಕೆದಕಿದ ಹಾಗಾಯಿತು.

ಈ ತೆರಿಗೆ ಹಿಂದೆ ಇತ್ತು. ಆ ಕಥೆಯನ್ನು ಸ್ವಲ್ಪ ಹೇಳುತ್ತೇನೆ, ಪರಿಹಾರ ಅದರೊಳಗೇ ಇದೆ. 1971ರ ಚೈನ್‌ಮೇಲ್ ಅನ್ನೋ ಯುದ್ಧದಾಟದಲ್ಲಿ ಸಾಮಾನ್ಯ ಸೈನಿಕನಿಗೆ ಏಟು ತಗುಲಿದರೆ ಅಲ್ಲಿಗೆ ಮುಗಿಯಿತು. ಅಮೆರಿಕದ ಮಿನೆಸೋಟದಲ್ಲಿ ಡೇವ್ ಆರ್ನೆಸನ್ ತಮ್ಮ ಬ್ಲ್ಯಾಕ್‌ಮೂರ್ ಆಟ ನಡೆಸತೊಡಗಿದಾಗ ಒಬ್ಬೊಬ್ಬ ಆಟಗಾರ ಒಂದೊಂದು ಪಾತ್ರವನ್ನು ತನ್ನದು ಅಂತ ಹಚ್ಚಿಕೊಂಡಿದ್ದ. ಒಂದೇ ಏಟಿಗೆ ಅದು ಸತ್ತರೆ ಯಾರಿಗೆ ಹಿಡಿಸುತ್ತದೆ? ಹಡಗುಗಳ ಯುದ್ಧದಾಟದಿಂದ ಹಿಟ್ ಪಾಯಿಂಟ್ ತಂದೆ ಅಂತ ಆರ್ನೆಸನ್ ಆಮೇಲೆ ಹೇಳಿದ್ದಾರೆ. ಹಡಗು ಎಷ್ಟು ಗುಂಡು ತಡೆಯುತ್ತದೆ ಅನ್ನೋ ಲೆಕ್ಕ ಹೀಗೆ ಮನುಷ್ಯನ ಮೈಗೆ ಬಂತು. 1974ರಲ್ಲಿ ಆರ್ನೆಸನ್ ಮತ್ತು ಗ್ಯಾರಿ ಗೈಗ್ಯಾಕ್ಸ್ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗ ಸೊನ್ನೆ ಅಂದರೆ ಸಾವು.

1979ರಲ್ಲಿ ಗೈಗ್ಯಾಕ್ಸ್ ಡಿಎಂಗಳಿಗಾಗಿ ಬರೆದ ಪುಸ್ತಕದಲ್ಲಿ ಎರಡು ಮುಖ್ಯ ವಿಷಯ ಇವೆ. ಒಂದು, ಹಿಟ್ ಪಾಯಿಂಟ್ ಅಂದರೆ ಬರೀ ರಕ್ತಮಾಂಸ ಅಲ್ಲ. ಅದರಲ್ಲಿ ಕಾದಾಟದ ಚಳಕ ಇದೆ, ಅದೃಷ್ಟ ಇದೆ, ದೈವಬಲವೂ ಇದೆ. ಇನ್ನೊಂದು, ಸೊನ್ನೆಗೆ ಬಿದ್ದವನು ಆಟದ ಪ್ರತಿ ಸುತ್ತಿನಲ್ಲೂ ಒಂದೊಂದು ಪಾಯಿಂಟ್ ಕಳೆದುಕೊಳ್ಳುತ್ತಾ ಮೈನಸ್ 10 ಮುಟ್ಟಿದರೆ ಸಾಯುತ್ತಾನೆ. ನಡುವೆ ಯಾರಾದರೂ ಉಳಿಸಿದರೂ 10 ನಿಮಿಷದಿಂದ ಒಂದು ಗಂಟೆ ಎಚ್ಚರ ಇರುವುದಿಲ್ಲ. ಆಮೇಲೆ ಕನಿಷ್ಠ ಒಂದು ವಾರ ಪೂರ್ತಿ ವಿಶ್ರಾಂತಿ. ಹೊಡೆಯುವಂತಿಲ್ಲ, ಮಂತ್ರ ಹೇಳುವಂತಿಲ್ಲ, ಭಾರ ಹೊರುವಂತಿಲ್ಲ. ಸಾಮಾನ್ಯ ಮದ್ದು ಮಂತ್ರದಿಂದಲೂ ಇದು ತಪ್ಪುವುದಿಲ್ಲ, ಹೀಲ್ ಅನ್ನೋ ದೊಡ್ಡ ಮಂತ್ರಕ್ಕೆ ಮಾತ್ರ ವಿನಾಯಿತಿ. ಆಗ ಒಬ್ಬ ಆಟಗಾರನ ಹತ್ತಿರ ಎರಡು ಮೂರು ಪಾತ್ರ ಇರುವುದು ಮಾಮೂಲಿ. ಒಬ್ಬ ಮಲಗಿದರೆ ಇನ್ನೊಬ್ಬನನ್ನು ಹೊರಡಿಸುತ್ತಿದ್ದರು.

ಬರಬರುತ್ತಾ ಒಬ್ಬರಿಗೆ ಒಂದೇ ಪಾತ್ರ, ಅದಕ್ಕೊಂದು ದೊಡ್ಡ ಕಥೆ ಅನ್ನೋ ರೂಢಿ ಬಂತು. ವಾರಗಟ್ಟಲೆ ಮಲಗಿಸುವ ನಿಯಮ ಭಾರವಾಯಿತು. 2008ರ 4ನೇ ಆವೃತ್ತಿ ಬಿದ್ದವನ ಮದ್ದನ್ನು ಸೊನ್ನೆಯಿಂದಲೇ ಎಣಿಸಿತು. 2014ರಲ್ಲಿ ಮೈನಸ್ ಅನ್ನೋದೇ ಹೋಯಿತು. ಬಿದ್ದವನು ಯಾರ ನೆರವೂ ಇಲ್ಲದೆ ಡೆತ್ ಸೇವ್ (ಸಾವು ಬದುಕು ತೀರ್ಮಾನಿಸುವ ಡೈಸ್) ಹಾಕುತ್ತಾ ಹೋದರೂ 100ಕ್ಕೆ ಸುಮಾರು 60 ಸಲ ಬದುಕುತ್ತಾನೆ. ಪಕ್ಕದಲ್ಲಿ ಕ್ಲೆರಿಕ್ ಇದ್ದರಂತೂ ಕೇಳುವುದೇ ಬೇಡ. ಬದಲಾವಣೆ ಮಾಡಿದವರ ಉದ್ದೇಶ ಒಳ್ಳೆಯದೇ. ಆಟಕ್ಕೆ ಬಂದವರು ಸುಮ್ನೆ ಕೂರಬಾರದು ಅನ್ನೋದು ನನಗೂ ಒಪ್ಪಿಗೆ. ಆದರೆ ಆ ಭಾರ ಇಳಿಸುವಾಗ ಬಿದ್ದು ಏಳುವುದರ ಬೆಲೆಯನ್ನೂ ಪೂರ್ತಿ ಇಳಿಸಿಬಿಟ್ಟರು.

ಈಗ ನಿಮ್ಮ ಪಟ್ಟಿಗೆ ಬರೋಣ. 20 ಮುಖದ ಡೈಸ್‌ನಲ್ಲಿ 1 ಬಿದ್ದರೆ ಕಣ್ಣು, 2 ಬಿದ್ದರೆ ಕೈ, 3 ಬಿದ್ದರೆ ಕಾಲು ಹೋಗುತ್ತದೆ. 20ರಲ್ಲಿ 3, ಅಂದರೆ 15 ಪ್ರತಿಶತ. ಸಣ್ಣದು ಅನ್ನಿಸುತ್ತದೆ. ನಿಮ್ಮ ಮುಂಚೂಣಿಯ ಪಾತ್ರದ ಮೇಲೆ ಒಂದು ರಾತ್ರಿಯಲ್ಲಿ 15 ದಾಳಿ ಆಗುತ್ತದೆ ಅಂದುಕೊಳ್ಳಿ. ಪ್ರತಿ ದಾಳಿಯಲ್ಲಿ ಕ್ರಿಟಿಕಲ್ ಆಗುವ ಸಂಭವ 5 ಪ್ರತಿಶತ. ಹತ್ತು ಶನಿವಾರಕ್ಕೆ 150 ದಾಳಿ. ಅಷ್ಟರೊಳಗೆ ಆ ಪಾತ್ರ ಕಣ್ಣನ್ನೋ ಕೈಯನ್ನೋ ಕಾಲನ್ನೋ ಕಳೆದುಕೊಳ್ಳುವ ಸಂಭವ ಮೂರರಲ್ಲಿ ಎರಡು! ವರ್ಷ ಕಳೆಯುವುದರೊಳಗೆ ನಿಮ್ಮ ತಂಡದಲ್ಲಿ ಅಂಗ ಪೂರ್ತಿ ಇರುವವರು ಕಡಿಮೆ. ಕಳೆದುಹೋದ ಕೈಯನ್ನು ತರಿಸುವ ರೀಜನರೇಟ್ ಮಂತ್ರ ಕ್ಲೆರಿಕ್‌ಗೆ ಸಿಗುವುದು 13ನೇ ಲೆವೆಲ್‌ಗೆ.

ಇದರಲ್ಲಿ ಇನ್ನೊಂದು ಅನ್ಯಾಯವೂ ಇದೆ. ರಾಕ್ಷಸನಿಗೆ ಕೈ ಹೋದರೆ ಏನು ಕಷ್ಟ? ಅವನು ಬಂದಿರುವುದೇ ಒಂದು ಕಾಳಗಕ್ಕೆ, ಎರಡು ನಿಮಿಷದಲ್ಲಿ ಹೇಗೂ ಸಾಯುತ್ತಾನೆ. ನಾಯಕ ನೂರು ಕಾಳಗ ದಾಟಬೇಕು. ಅದೃಷ್ಟದ ಮೇಲೆ ನಿಂತ ಗಾಯದ ನಿಯಮ ಯಾವುದೇ ಇರಲಿ, ಎರಡೂ ಕಡೆಗೆ ಸಮ ಅಂತ ಕಾಣುತ್ತದೆ, ಪೆಟ್ಟು ಬೀಳುವುದು ಮಾತ್ರ ಆಟಗಾರರಿಗೆ.

ಬೇರೆ ಆಟಗಳು ಏನು ಮಾಡಿವೆ ಅಂತ ಕೇಳಿದ್ದೀರಿ. 1978ರ ರೂನ್‌ಕ್ವೆಸ್ಟ್ ಏಟು ಬಿದ್ದ ಜಾಗವನ್ನು ಡೈಸ್‌ನಿಂದ ಕಂಡುಹಿಡಿಯುತ್ತದೆ. 1ರಿಂದ 4 ಬಲಗಾಲು, 19 ಮತ್ತು 20 ತಲೆ. ಒಂದೊಂದು ಅಂಗಕ್ಕೆ ಅದರದ್ದೇ ಹಿಟ್ ಪಾಯಿಂಟ್, ಅದರದ್ದೇ ಕವಚ. ನಾನು ಇದನ್ನು ಎರಡು ವರ್ಷ ನಡೆಸಿದ್ದೇನೆ, ತುಂಬಾ ಪ್ರೀತಿಯ ಆಟ. ಅಲ್ಲಿ ಜನ ಕತ್ತಿ ಎತ್ತುವ ಮುಂಚೆ ಯೋಚಿಸುತ್ತಾರೆ, ಮಾತುಕತೆಗೆ ಕೂರುತ್ತಾರೆ, ಕಾಲಿಗೆ ಪೆಟ್ಟಾದರೆ ಶರಣಾಗುತ್ತಾರೆ. ಆದರೆ ಆ ಇಡೀ ಆಟವನ್ನು ಅದಕ್ಕೆಂದೇ ಕಟ್ಟಿದ್ದಾರೆ, ಅಂಗ ವಾಸಿ ಮಾಡುವ ಮಂತ್ರ ಅಲ್ಲಿ ಸುಲಭವಾಗಿ ಸಿಗುತ್ತದೆ. ಅದರ ಒಂದು ತುಂಡನ್ನು ಕಿತ್ತು ನಿಮ್ಮ ಆಟಕ್ಕೆ ಅಂಟಿಸಿದರೆ ಹಿಡಿಯುವುದಿಲ್ಲ. 1980ರಲ್ಲಿ ಬಂದ ರೋಲ್‌ಮಾಸ್ಟರ್‌ನ ಉದ್ದುದ್ದ ಕ್ರಿಟಿಕಲ್ ಪಟ್ಟಿಗಳೂ ಹಾಗೇ, ಓದಲು ಚೆಂದ. ನಿಮ್ಮ ಆಟದ ಹಳೆಯ ಆವೃತ್ತಿಯೊಂದರಲ್ಲೇ 2004ರಲ್ಲಿ ದಮ್ಮು ಬೇರೆ, ಗಾಯ ಬೇರೆ ಅಂತ ಎರಡು ಲೆಕ್ಕ ಇಡುವ ಪದ್ಧತಿ ಬಂದಿತ್ತು. ಅಲ್ಲಿ ಕ್ರಿಟಿಕಲ್ ಏಟು ದಮ್ಮನ್ನು ಬಿಟ್ಟು ನೇರ ಗಾಯಕ್ಕೇ ಹೋಗುತ್ತಿತ್ತು. ಮತ್ತೆ ನಿಮ್ಮ ಪಟ್ಟಿಯದೇ ತೊಂದರೆ.

ನಾನು ನಿಮಗೆ ನಿಜವಾಗಿ ತೋರಿಸಬೇಕು ಅಂದುಕೊಂಡಿರುವುದು ಕೇರ್ನ್ ಅನ್ನೋ ಪುಟ್ಟ ಆಟವನ್ನು. ಯೋಖಾಯ್ ಗಾಲ್ 2020ರಲ್ಲಿ ತಂದದ್ದು, ಉಚಿತವಾಗಿ ಓದಬಹುದು. ಇದರ ಬೇರು ಕ್ರಿಸ್ ಮ್ಯಾಕ್‌ಡೊವಾಲ್ ಅವರ ಇಂಟು ದಿ ಆಡ್ ಆಟದಲ್ಲಿದೆ. ಅಲ್ಲಿ ಹಿಟ್ ಪಾಯಿಂಟ್ ಅಂದರೆ ಗಾಯ ಅಲ್ಲವೇ ಅಲ್ಲ, ಏಟಿನಿಂದ ತಪ್ಪಿಸಿಕೊಳ್ಳುವ ತಾಕತ್ತು. ಕಾಳಗ ಮುಗಿದ ಮೇಲೆ ಎರಡು ನಿಮಿಷ ಕೂತು ನೀರು ಕುಡಿದರೆ ಪೂರ್ತಿ ವಾಪಸ್. ಆದರೆ ಅದು ಮುಗಿದ ಮೇಲೂ ಏಟು ಉಳಿದರೆ ನೇರ ಮೈಬಲದಿಂದ ಕಳೆಯುತ್ತದೆ. ಆ ಬಲ ಮರಳಿ ಬರಲು ಒಂದು ವಾರ ಬೇಕು. ಗೈಗ್ಯಾಕ್ಸ್ 1979ರಲ್ಲಿ ಮಾತಿನಲ್ಲಿ ಹೇಳಿದ್ದನ್ನು ಇದು ನಿಯಮದಲ್ಲೇ ಮಾಡಿ ತೋರಿಸಿದೆ. ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು. ಏಟಿನಿಂದ ನಿಮ್ಮ ಹಿಟ್ ಪಾಯಿಂಟ್ ಸರಿಯಾಗಿ ಸೊನ್ನೆಗೆ ಬಂದು ನಿಂತರೆ ಒಂದು ಗಾಯದ ಗುರುತು ಉಳಿಯುತ್ತದೆ. ಕೆಲವು ಗುರುತುಗಳಿಂದ ಪಾತ್ರದ ಗರಿಷ್ಠ ಹಿಟ್ ಪಾಯಿಂಟ್ ಏರಲೂಬಹುದು. ಸಾವಿನ ಬಾಯಿಂದ ಬಂದವನು ಹುಷಾರಾಗುತ್ತಾನೆ ಅನ್ನೋದು ಎಷ್ಟು ಸಹಜ! ಅಲ್ಲಿಯ ಆಟಗಾರರು ತಮ್ಮ ಗುರುತುಗಳ ಕಥೆಯನ್ನು ಹೆಮ್ಮೆಯಿಂದ ಹೇಳುವುದನ್ನು ನಾನು ಕೇಳಿದ್ದೇನೆ.

ಇನ್ನೊಂದು 2017ರ ಬ್ಲೇಡ್ಸ್ ಇನ್ ದಿ ಡಾರ್ಕ್, ಜಾನ್ ಹಾರ್ಪರ್ ಅವರದ್ದು. ಅದರಲ್ಲಿ ಹಿಟ್ ಪಾಯಿಂಟ್ ಇಲ್ಲ. ಪೆಟ್ಟಾದರೆ ಹಾಳೆಯ ಮೇಲೆ ಒಂದು ಮಾತು ಬರೆಯುತ್ತೀರಿ: "ಕಾಲು ಮುರಿದಿದೆ", "ಎದೆಗೆ ಇರಿತ". ಡಿಎಂ ಪೆಟ್ಟನ್ನು ಹೇಳಿದ ಮೇಲೂ ಆಟಗಾರ "ಬೇಡ, ತಡೆಯುತ್ತೇನೆ" ಅನ್ನಬಹುದು. ಅದಕ್ಕೆ ಸ್ಟ್ರೆಸ್ ತೆರಬೇಕು. ಅದಕ್ಕಿರುವುದು 9 ಮನೆ, ತುಂಬಿದರೆ ಮನಸ್ಸಿಗೆ ಮಾಯದ ಗಾಯ. ಅಂಥವು ನಾಲ್ಕಾದರೆ ಪಾತ್ರ ಆ ಬಾಳಿನಿಂದಲೇ ನಿವೃತ್ತಿ. ಪೆಟ್ಟು ತಿನ್ನಬೇಕೋ ಬೇಡವೋ ಅನ್ನೋ ತೀರ್ಮಾನ ಆಟಗಾರನದು. ನಿಮ್ಮ ಗೆಳೆಯನಿಗೆ ಸಿಗದೇ ಹೋದದ್ದು ಇದೇ.

ಇವುಗಳಿಂದ ಎತ್ತಿಕೊಂಡು ನನ್ನ ಟೇಬಲ್‌ನಲ್ಲಿ ಏನು ಇಟ್ಟುಕೊಂಡಿದ್ದೇನೆ ಅಂತ ಹೇಳುತ್ತೇನೆ. ನಿಮ್ಮ ಆಟ ಬದಲಾಯಿಸಬೇಕಿಲ್ಲ, ಹಿಟ್ ಪಾಯಿಂಟ್ ತೆಗೆಯಬೇಕಿಲ್ಲ.

ಸೊನ್ನೆಗೆ ಬಿದ್ದು ಎದ್ದವನಿಗೆ ಒಂದು ಹಂತ ಸುಸ್ತು. ಪುಸ್ತಕದಲ್ಲಿ ಎಕ್ಸಾಷನ್ ಅಂತ ಇದೆಯಲ್ಲ, ಅದು. ಆದರೆ 2014ರ ಸುಸ್ತಿನ ಪಟ್ಟಿ ತುಂಬಾ ಒರಟು. ಮೂರನೇ ಹಂತಕ್ಕೇ ಪ್ರತಿ ದಾಳಿಗೂ ಡಿಸ್‌ಅಡ್ವಾಂಟೇಜ್ (ಎರಡು ಸಲ ಡೈಸ್ ಹಾಕಿ ಕಡಿಮೆಯದನ್ನು ಎಣಿಸುವುದು), ನಾಲ್ಕಕ್ಕೆ ಗರಿಷ್ಠ ಹಿಟ್ ಪಾಯಿಂಟ್ ಅರ್ಧ. 2024ರ ಪುಸ್ತಕದ ಸುಸ್ತನ್ನು ತೆಗೆದುಕೊಳ್ಳಿ. ಪ್ರತಿ ಹಂತಕ್ಕೂ 20 ಮುಖದ ಡೈಸ್‌ನಲ್ಲಿ 2 ಕಡಿಮೆ, ನಡಿಗೆಯಲ್ಲಿ 5 ಅಡಿ ಕಡಿಮೆ, 6ಕ್ಕೆ ಸಾವು. ಲಾಂಗ್ ರೆಸ್ಟ್‌ಗೆ, ಅಂದರೆ ರಾತ್ರಿಯ ಪೂರ್ತಿ ವಿಶ್ರಾಂತಿಗೆ, ಒಂದು ಹಂತ ಇಳಿಯುತ್ತದೆ. ಒಂದೇ ಕಾಳಗದಲ್ಲಿ ಮೂರು ಸಲ ಬಿದ್ದೆದ್ದವನಿಗೆ 6 ಕಡಿಮೆ, ಮೂರು ದಿನದ ದಣಿವು.

ಗಾಯದಿಂದ ಸೋಲು, ಸೋಲಿನಿಂದ ಇನ್ನಷ್ಟು ಗಾಯ ಅನ್ನೋ ಸುಳಿ ಇದರಲ್ಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೂ ಇದನ್ನೇ ಆರಿಸಲು ಕಾರಣ ಇದೆ. ಇದು ಅದೃಷ್ಟದಿಂದ ಬರುವುದಿಲ್ಲ. ಬೀಳುವ ಮುಂಚೆ ಹಿಂದೆ ಸರಿಯಬಹುದು, ಕ್ಲೆರಿಕ್ ಮೊದಲೇ ಮದ್ದು ಕೊಡಬಹುದು, ಬಿದ್ದವನನ್ನು ಎಬ್ಬಿಸದೆ ಸುಮ್ನೆ ರಕ್ತ ನಿಲ್ಲಿಸಿ ಎಳೆದುಕೊಂಡು ಓಡಬಹುದು. ನಾನು ಇದನ್ನು ತಂದ ಮೂರನೇ ವಾರ ನಮ್ಮ ಕ್ಲೆರಿಕ್ ಆಡುವ ಗೆಳತಿ ಮೊದಲ ಬಾರಿಗೆ "ನಿನ್ನ ಹತ್ತಿರ ಎಷ್ಟು ಉಳಿದಿದೆ?" ಅಂತ ಫೈಟರ್‌ನನ್ನು ಕೇಳಿದಳು. ಅಲ್ಲಿವರೆಗೆ ಆ ಪ್ರಶ್ನೆಗೆ ಅರ್ಥವೇ ಇರಲಿಲ್ಲ.

ಎರಡನೆಯದು ಗಾಯದ ಚೀಟಿ. ಸೊನ್ನೆಗೆ ಬಿದ್ದವನು ಕಾಳಗ ಮುಗಿದ ಮೇಲೆ ಒಂದು ಸಣ್ಣ ಚೀಟಿಯಲ್ಲಿ ತನ್ನ ಗಾಯವನ್ನು ತಾನೇ ಬರೆಯುತ್ತಾನೆ. ಡಿಎಂ ಅದರಿಂದ ಆಗುವ ಒಂದು ತೊಡಕು ಹೇಳುತ್ತಾರೆ. "ಪಕ್ಕೆಲುಬು ಬಿರುಕು ಬಿಟ್ಟಿದೆ": ಹಗ್ಗ ಹತ್ತಲು, ಈಜಲು ಡಿಸ್‌ಅಡ್ವಾಂಟೇಜ್. "ಹಿಮ್ಮಡಿ ಉಳುಕಿದೆ": ಡ್ಯಾಶ್ (ದುಪ್ಪಟ್ಟು ದೂರದ ಓಟ) ಮಾಡುವಂತಿಲ್ಲ. "ಕಿವಿಯಲ್ಲಿ ಗುಂಯ್ ಅನ್ನುತ್ತಿದೆ": ರಾತ್ರಿ ಕಾವಲಿಗೆ ಆಗದು. ಆ ಪಾತ್ರ ಯಾವುದನ್ನು ನಂಬಿ ಬದುಕಿದೆಯೋ ಅದನ್ನು ಮುಟ್ಟಬೇಡಿ. ಬಿಲ್ಲುಗಾರನ ಕೈ, ಮಂತ್ರವಾದಿಯ ನಾಲಿಗೆ ಎರಡೂ ಬೇಡ. ಕ್ಷೇಮದ ಜಾಗದಲ್ಲಿ ಏಳು ದಿನ ಕಳೆದರೆ ಚೀಟಿ ಹರಿದು ಬಿಸಾಡಿ. ಒಳ್ಳೆಯ ವೈದ್ಯ ಸಿಕ್ಕರೆ ಮೂರೇ ದಿನ ಸಾಕು.

ಏಳು ದಿನಕ್ಕೆ ಬೆಲೆ ಬರಬೇಕಾದರೆ ನಿಮ್ಮ ಕಥೆಯಲ್ಲಿ ದಿನ ಓಡಬೇಕು. ಇದನ್ನು ಮರೆತವರೇ ಜಾಸ್ತಿ. ನಾವು ಚಿಕ್ಕವರಿದ್ದಾಗ ಚೌಕಾಬಾರ ಆಡುತ್ತಿದ್ದೆವಲ್ಲ, ಅಲ್ಲಿ ಕಾಯಿ ಹೊಡೆಸಿಕೊಂಡರೆ ಕಾಯಿ ಸಾಯುವುದಿಲ್ಲ, ಮನೆಗೆ ಹೋಗಿ ಮೊದಲಿಂದ ಸುತ್ತು ಹಾಕಬೇಕು. ಅಷ್ಟಕ್ಕೇ ಹೊಟ್ಟೆ ಉರಿಯುತ್ತಿತ್ತು, ಯಾಕೆಂದರೆ ಅಷ್ಟರಲ್ಲಿ ಎದುರಿನವರ ಕಾಯಿ ಹಣ್ಣಾಗುತ್ತಿತ್ತು. ನಿಮ್ಮ ಖಳನೂ ಹಾಗೆ ಮುಂದೆ ಹೋಗುತ್ತಿರಬೇಕು. ಒಂದು ಹಾಳೆಯಲ್ಲಿ ಕ್ಯಾಲೆಂಡರ್ ಬರೆದು ಟೇಬಲ್ ಮೇಲೆ ಎಲ್ಲರಿಗೂ ಕಾಣುವಂತೆ ಇಡಿ. ಹುಣ್ಣಿಮೆಗೆ ಬಲಿ ಇದೆ, ಇವತ್ತು ದಶಮಿ. ಪಕ್ಕೆಲುಬು ಮಾಯುವವರೆಗೆ ಕಾಯುತ್ತೀರೋ, ನೋವಿನಲ್ಲೇ ಹೊರಡುತ್ತೀರೋ? ಈ ಮಾತುಕತೆ ಶುರುವಾದ ದಿನ ಗಾಯದ ನಿಯಮ ಕೆಲಸ ಮಾಡಿತು ಅಂತ ತಿಳಿಯಿರಿ.

ನಿಮ್ಮ ಡಿಎಂ ಪುಸ್ತಕದಲ್ಲೇ ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) 8 ಗಂಟೆ, ಲಾಂಗ್ ರೆಸ್ಟ್ 7 ದಿನ ಅನ್ನೋ ಐಚ್ಛಿಕ ನಿಯಮ ಇದೆ. ಅದನ್ನೂ ಪೂರ್ತಿ ತರಬಹುದಲ್ಲ ಅಂತ ಅನ್ನಿಸಬಹುದು. ದಿನಕ್ಕೊಂದೇ ಕಾಳಗ ಆಗುವ ಕಥೆಗೆ ಅದು ಚೆನ್ನಾಗಿ ಹೊಂದುತ್ತದೆ. ಗುಹೆಯೊಳಗೆ ಒಂದರ ಹಿಂದೆ ಒಂದು ಕಾಳಗ ಇದ್ದರೆ ಮಂತ್ರಗಳಿಗೆ ಲಾಂಗ್ ರೆಸ್ಟ್ ನಂಬಿದ ವಿಜರ್ಡ್ ಬಡವನಾಗುತ್ತಾನೆ, ಶಾರ್ಟ್ ರೆಸ್ಟ್ ನಂಬಿದ ವಾರ್‌ಲಾಕ್‌ಗೆ ಅಷ್ಟು ತೊಂದರೆ ಆಗುವುದಿಲ್ಲ. ಸದ್ಯಕ್ಕೆ ಬೇಡ. ಲಾಂಗ್ ರೆಸ್ಟ್ ಕಾಡಿನಲ್ಲಿ ಆಗುವುದಿಲ್ಲ, ಊರಿನಲ್ಲಿ ಮಾತ್ರ ಅಂತ ಮಾಡಿ, ಸಾಕು.

ಇನ್ನು ಕೈಕಾಲು ಹೋಗುವುದು. ಅದನ್ನು ಆಟದಿಂದ ತೆಗೆಯಬೇಡಿ, ಜಾಗ ಬದಲಿಸಿ. ಮೂರನೇ ಡೆತ್ ಸೇವ್ ಕೂಡ ಕೈಕೊಟ್ಟಿತು, ಪಾತ್ರ ಸಾಯುತ್ತಿದೆ. ಆಗ ಆಟಗಾರನನ್ನು ಕೇಳಿ: "ಇಲ್ಲೇ ಮುಗಿಯಲಾ, ಅಥವಾ ಏನನ್ನಾದರೂ ಕೊಟ್ಟು ಉಳಿಯುತ್ತೀಯಾ?" ಕಣ್ಣೋ, ಕೈಯೋ, ಅಜ್ಜನ ಕತ್ತಿಯೋ, ಅವನೇ ಹೇಳಲಿ. ನನ್ನ ಟೇಬಲ್‌ನಲ್ಲಿ ಒಬ್ಬ ತನ್ನ ಪಲಾಡಿನ್‌ನ ಎಡಗಣ್ಣು ಕೊಟ್ಟ. ಯಾರೂ ಬಲವಂತ ಮಾಡಲಿಲ್ಲ, ಆಮೇಲೆ ಎರಡು ವರ್ಷ ಆ ಕಣ್ಣುಪಟ್ಟಿ ಕಥೆಯ ಭಾಗವಾಯಿತು. ನಿಮ್ಮ ಗೆಳೆಯನ ಬಿಲ್ಲುಗಾರ ಕಳೆದುಕೊಂಡದ್ದೂ ಒಂದು ಅಂಗವನ್ನೇ. ಒಂದನ್ನು ಕೊಟ್ಟರು, ಇನ್ನೊಂದನ್ನು ಕಿತ್ತುಕೊಂಡರು.

ಶುರು ಮಾಡುವ ಮುಂಚೆ ಎಲ್ಲರನ್ನೂ ಒಂದು ಮಾತು ಕೇಳಿಬಿಡಿ: ಅಂಗ ಹೋಗುವುದು, ರಕ್ತ, ಕೊಳೆತ ಗಾಯ, ಇದರಲ್ಲಿ ಯಾವುದು ಟೇಬಲ್ ಮೇಲೆ ಬೇಡ? ಇದನ್ನು ಕೇಳದೆ ನಾನು ಒಮ್ಮೆ ತಪ್ಪು ಮಾಡಿದೆ. ಕಥೆಯಲ್ಲಿ ಒಬ್ಬ ಮುದುಕನ ಪಾದ ಕತ್ತರಿಸುವುದನ್ನು ವಿವರವಾಗಿ ಹೇಳುತ್ತಿದ್ದೆ. ಎದುರಿಗಿದ್ದ ಗೆಳೆಯನ ಮುಖ ಬಿಳಿಚಿಕೊಂಡಿತು. ಸಕ್ಕರೆ ಕಾಯಿಲೆಯಿಂದ ಅವನ ತಂದೆಯ ಪಾದ ತೆಗೆದು ಆರು ತಿಂಗಳೂ ಆಗಿರಲಿಲ್ಲ. ಅವತ್ತು ಆಟ ಅಲ್ಲಿಗೇ ನಿಲ್ಲಿಸಿದೆವು. ಈಗಲೂ ನೆನಪಾದರೆ ಸಂಕಟ ಆಗುತ್ತದೆ.

ನಿಮ್ಮ ಗೆಳೆಯನಿಗೆ ಶನಿವಾರದವರೆಗೆ ಕಾಯದೆ ಇವತ್ತೇ ಫೋನ್ ಮಾಡಿ. ಮೆಸೇಜ್ ಬೇಡ. ನಿಯಮ ತಂದದ್ದು ನಾನು, ಅದು ಸರಿ ಇರಲಿಲ್ಲ, ತೆಗೆದಿದ್ದೇನೆ ಅಂತ ನೇರವಾಗಿ ಹೇಳಿ. ಆಮೇಲೆ ಅವನ ಮುಂದೆ ಎರಡು ದಾರಿ ಇಡಿ. ಕೈ ಹೋಗಿರಲಿಲ್ಲ, ಮೂಳೆ ಮುರಿದಿತ್ತು. ಅವನು ಬರದ ಆ ವಾರ ಬಿಲ್ಲುಗಾರ ಊರಿನ ವೈದ್ಯರ ಮನೆಯಲ್ಲಿ ಮಲಗಿದ್ದ, ಈಗ ಚೀಟಿ ಹರಿಯುವ ಹೊತ್ತು. ಇಲ್ಲವೇ ಆ ಕೈ ಹೋಗಿದ್ದೇ ಇರಲಿ ಅಂತ ಅವನಿಗೇ ಅನ್ನಿಸಿದರೆ, ಒಂಟಿ ಕೈಯಲ್ಲಿ ಎಸೆಯುವ ಈಟಿ ಹಿಡಿಯಲಿ, ಬಿಲ್ಲಿಗಾಗಿ ಕಲಿತಿದ್ದ ಚಳಕವೆಲ್ಲ ಈಟಿಗೂ ಅನ್ವಯ ಅಂತ ನೀವು ಒಪ್ಪಿಕೊಳ್ಳಿ. ಯಾವುದು ಅಂತ ನೀವು ಸೂಚಿಸಬೇಡಿ. ಯೋಚಿಸಲು ಟೈಮ್ ಬೇಕು ಅಂದರೆ ಕೊಡಿ. ಅವನು ಶನಿವಾರ ಬಂದಾಗ ಆಟವನ್ನು ವೈದ್ಯರ ಮನೆಯಿಂದ ಶುರು ಮಾಡಿ, ಮೊದಲ ಮಾತು ಅವನ ಪಾತ್ರಕ್ಕೇ ಇರಲಿ.